ಕಾರ್ಪೆಟ್ ಅಂಟಿಸೋ ಮುಂಚೆ ನೆಲದ ತೇವ ನೋಡಿ

ಪ್ರಶ್ನೆ: ಶಾಮನೂರು ಕಡೆ, ಭದ್ರಾ ನಾಲೆಯ ಹತ್ತಿರ ನಮ್ಮ ಮನೆ. ಕೆಳಗಿನ ರೂಮಿನಲ್ಲಿ ಬರೀ ಕಾಂಕ್ರೀಟ್ ನೆಲ. ಎಷ್ಟು ಗುಡಿಸಿದರೂ ಸಿಮೆಂಟ್ ಪುಡಿ ಏಳುತ್ತೆ. ಅಪ್ಪನಿಗೆ ಮಂಡಿನೋವು, ಕಾಲಿಗೆ ಥಂಡಿ ತಾಗದಿರಲಿ ಅಂತ ಕಾರ್ಪೆಟ್ ಅಂಟಿಸಬೇಕು ಅಂದುಕೊಂಡಿದ್ದೇವೆ. ಮೊದಲು ಸೀಲರ್ (ಪುಡಿ ಏಳದ ಹಾಗೆ ನೆಲಕ್ಕೆ ಹಚ್ಚುವ ದ್ರಾವಣ) ಹೊಡೆಯಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಡೆಯಲೇಬೇಕು. ಇಲ್ಲದಿದ್ದರೆ ಆ ಪುಡಿಯ ಮೇಲೆ ಅಂಟು ಹಿಡಿಯೋದಿಲ್ಲ. ಆದರೆ ನಾಲೆ ಹತ್ತಿರ ಅಂದಿರಲ್ಲ, ನನಗೆ ಪುಡಿಗಿಂತ ತೇವದ ಚಿಂತೆಯೇ ಜಾಸ್ತಿ.

ನನ್ನ ಅಮ್ಮನ ರೂಮಿಗೆ ನಾನೇ ನಿಂತು ಕಾರ್ಪೆಟ್ ಅಂಟಿಸಿದ್ದೆ. ಆಗ ನಾಲೆ ನಿಂತಿತ್ತು, ನೆಲ ಬೆಳ್ಳಗೆ ಒಣಗಿತ್ತು. ನೀರು ಬಿಟ್ಟು ಸುತ್ತಲ ಗದ್ದೆ ತುಂಬಿತು ನೋಡಿ, ರೂಮಿನಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಮೂಲೆ ಎತ್ತಿದರೆ ಅಂಟು ಬೆಲ್ಲದ ಪಾಕದ ಹಾಗೆ ಬೆರಳಿಗೆ ಎಳೆ ಎಳೆಯಾಗಿ ಬಂತು. ನೆಲದ ಮೇಲೆ ಬಿಳಿ ಚೌಳು. ಅಮ್ಮ ಅದೇ ವಾಸನೆಯಲ್ಲಿ ಎಷ್ಟೋ ದಿನ ಮಲಗಿದ್ದರಲ್ಲಾ ಅಂತ ಈಗಲೂ ಸಂಕಟವಾಗುತ್ತೆ.

ಅದಕ್ಕೇ ಹೇಳ್ತೀನಿ, ನಾಲೆಯಲ್ಲಿ ನೀರು ಹರಿಯುವಾಗಲೇ ಪರೀಕ್ಷೆ ಮಾಡಿ. 18 ಇಂಚು ಉದ್ದ, 18 ಇಂಚು ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಕಡಿಮೆ ಅಂದರೆ 16 ಗಂಟೆ ಬಿಡಿ. ಒಂದು ಹಾಳೆ ಸಾಲದು, ಗೋಡೆ ಬುಡದ ಹತ್ತಿರವೂ ಒಂದು ಇರಲಿ. ಬಿಚ್ಚಿದಾಗ ಹಾಳೆಯ ಕೆಳಗೆ ಹನಿ ಕಂಡರೆ, ಇಲ್ಲಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿಂದಲೇ ಏರುತ್ತಿದೆ ಅಂತ ಅರ್ಥ.

ಒಣಗಿದ್ದರೆ ಕೆಲಸ ಸುಲಭ. ತಂತಿ ಬ್ರಷ್‌ನಿಂದ ಉಜ್ಜಿ, ಪುಡಿ ಪೂರ್ತಿ ತೆಗೆದು, ಬಿರುಕು ತುಂಬಿಸಿ. ಆಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಬಿಡಿ. ನೆಲ ಹೀರಿಕೊಂಡರೆ ಸರಿ. ಹನಿ ಮುತ್ತಿನ ಹಾಗೆ ನಿಂತರೆ ಅಲ್ಲಿ ಎಣ್ಣೆಯೋ ಮೇಣವೋ ಕೂತಿದೆ, ಅದನ್ನು ತೆಗೆಯದೆ ಸೀಲರ್ ಒಳಗೆ ಇಳಿಯೋದಿಲ್ಲ. ಪುಡಿ ಏಳುವ ನೆಲಕ್ಕೆ ನಾನು ಸಿಲಿಕೇಟ್ ಸೀಲರನ್ನೇ ಹೇಳೋದು. ಅದು ಕಾಂಕ್ರೀಟ್ ಒಳಗಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತೆ, ಮೇಲೆ ಪೊರೆ ಕಟ್ಟೋದಿಲ್ಲ. ನೀವು ತರುವ ಅಂಟು ಅದರ ಮೇಲೆ ಕೂರುತ್ತಾ ಅಂತ ಅಂಗಡಿಯಲ್ಲೇ ಡಬ್ಬದ ಮೇಲಿನ ಬರಹ ಓದಿ ಖಾತ್ರಿ ಮಾಡಿಕೊಳ್ಳಿ.

ತೇವ ಇದ್ದರೆ ಮಾತ್ರ, ಮೇಲೆ ಪೊರೆ ಕಟ್ಟುವ ಮಾಮೂಲಿ ಅಕ್ರಿಲಿಕ್ ಸೀಲರ್ ಹೊಡೆದು ಮುಚ್ಚಬೇಡಿ, ಕೆಳಗಿನ ತೇವ ಅದನ್ನು ಹಪ್ಪಳದ ಹಾಗೆ ಎಬ್ಬಿಸುತ್ತೆ. ಮೊದಲು ಹೊರಗೆ ಗೋಡೆ ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡಿ. ಆಮೇಲೂ ತೇವ ಬಂದರೆ ನೆಲ ಉಜ್ಜಿಸಿ, ತೇವ ತಡೆಯೋಕೆ ಅಂತಲೇ ಬರುವ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳದ ಲೇಪ) ಹೊಡೆಸಬೇಕು. ಇದಕ್ಕೆ ಅನುಭವ ಇರುವವರೇ ಬೇಕು, ಖರ್ಚೂ ಜಾಸ್ತಿ.

ಅಷ್ಟು ಖರ್ಚು ಈಗ ಬೇಡ ಅನ್ನಿಸಿದರೆ ಕಾರ್ಪೆಟ್ ಅಂಟಿಸೋದೇ ಬಿಡಿ. ಅಪ್ಪನ ಮಂಚದ ಪಕ್ಕ ಒಂದು ದಪ್ಪ ಜಮಖಾನ ಹಾಸಿ. ಅಂಚು ಮಡಚದಿರಲಿ, ಕಾಲು ಎಡವಬಾರದು ಅಲ್ವಾ? ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಿದರೆ ಸಾಕು.