ರೆಂಬ್ರಾಂಟ್ ನಕಲಿನಲ್ಲಿ ನೆರಳು ಮಸಿಯಾಗುವುದು ಯಾಕೆ? (ಉತ್ತರ ಸ್ವಲ್ಪ ಉದ್ದವಿದೆ)

ಡಚ್ ಚಿತ್ರಕಾರ ರೆಂಬ್ರಾಂಟ್ 1628ರ ಸುಮಾರಿಗೆ ಬರೆದ ಗುಂಗುರು ಕೂದಲಿನ ಸ್ವಚಿತ್ರವನ್ನು 12×16 ಇಂಚಿನ ಬಿಳಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದೀರಿ. ನೆರಳು ಮಸಿ ಬಳಿದ ಹಾಗಾಯ್ತು, ಕಣ್ಣು ಕಾಣಲಿ ಅಂತ ತಿದ್ದಿದರೆ ಮುಖದ ಭಾವವೇ ಹೋಯ್ತು ಅನ್ನುವುದು ನಿಮ್ಮ ಪ್ರಶ್ನೆ. ನೀವು ಕಳಿಸಿದ ಫೋಟೊ ನೋಡಿದರೆ ಕಾರಣ ಗೊತ್ತಾಗುತ್ತೆ: ನೆರಳನ್ನು ಐವರಿ ಬ್ಲ್ಯಾಕ್‌ನಲ್ಲಿ ದಪ್ಪಗೆ ಹಾಕಿದ್ದೀರಿ, ಬೆಳಕನ್ನು ತೆಳ್ಳಗೆ ಸವರಿದ್ದೀರಿ. ಆಗಬೇಕಾದ್ದು ಇದರ ಉಲ್ಟಾ.

ಮೊದಲು ಮೂಲವನ್ನು ಸರಿಯಾಗಿ ನೋಡಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ದೊಡ್ಡ ಫೈಲನ್ನು ಉಚಿತವಾಗಿ ಕೊಡುತ್ತೆ, ವಾಟ್ಸಾಪ್‌ನಲ್ಲಿ ಬಂದ ಚಿತ್ರ ಬೇಡ, ಅದರಲ್ಲಿ ಕಡುಬಣ್ಣಗಳೆಲ್ಲ ಒಂದಾಗಿಬಿಟ್ಟಿರುತ್ತವೆ. ಮೂಲ ಇರುವುದು ಮರದ ಹಲಗೆಯ ಮೇಲೆ, ಬರೀ 22.6 × 18.7 ಸೆಂ.ಮೀ. ಹಿಂದಿನ ಗೋಡೆ ಕಪ್ಪಲ್ಲ, ತಿಳಿ ಬಣ್ಣದ್ದು. ನೀವು ಅದನ್ನೂ ಕಪ್ಪು ಮಾಡಿದ್ದರಿಂದ ತಲೆ ಅದರೊಳಗೆ ಮುಳುಗಿದೆ. ಎಡಗಡೆಯಿಂದ ಬಂದ ಬೆಳಕು ಕತ್ತು, ಒಂದು ಕೆನ್ನೆ, ಕಿವಿಯ ಹಾಲೆ, ಮೂಗಿನ ತುದಿ ಇಷ್ಟನ್ನೇ ಮುಟ್ಟಿದೆ. ಕೆಲವು ಗುಂಗುರುಗಳನ್ನು ಹಸಿ ಬಣ್ಣದ ಮೇಲೆ ಬ್ರಶ್ಶಿನ ಹಿಡಿಯಿಂದ ಗೀರಿ ತೆಗೆದಿದ್ದಾನೆ, ಅಲ್ಲಿ ಅಡಿಯ ಬಣ್ಣ ಇಣುಕುತ್ತೆ. ಕಣ್ಣೆರಡೂ ನೆರಳಿನೊಳಗೇ ಇವೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಅವು ನಮ್ಮನ್ನೇ ನೋಡುತ್ತಿವೆ ಅಂತ ಹೊಳೆಯುತ್ತೆ. ಚಿತ್ರದ ಭಾವವೆಲ್ಲ ಆ ತಡದಲ್ಲೇ ಇದೆ. ಕಣ್ಣನ್ನು ಬೆಳಗಿಸಿದ ಕೂಡಲೇ ಅದು ಹೋಗುತ್ತೆ.

ಹಳೆಯದನ್ನು ತಿದ್ದುವುದಕ್ಕಿಂತ ಹೊಸ ಕ್ಯಾನ್ವಾಸ್ ತಗೊಳ್ಳಿ. ಗೆಸ್ಸೋಗೆ (ಕ್ಯಾನ್ವಾಸಿಗೆ ಮೊದಲು ಹಚ್ಚುವ ಬಿಳಿ ಅಸ್ತರಿಗೆ) ಅಕ್ರಿಲಿಕ್ ರಾ ಅಂಬರ್ (ಮಣ್ಣಿನ ಕಂದು) ಮತ್ತು ಸ್ವಲ್ಪ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ, ಒಣಮಣ್ಣಿನ ಬಣ್ಣ ಬರುವ ಹಾಗೆ ಒಂದು ಕೈ ಹೊಡೆದು ಒಂದು ದಿನ ಬಿಡಿ. ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಮಧ್ಯಮ ಬಣ್ಣ ಇಟ್ಟರೂ ಕಡುವಾಗಿ ಕಾಣುತ್ತೆ, ಹೀಗಾಗಿ ಲೆಕ್ಕ ತಪ್ಪುತ್ತೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹಾಕಬಹುದು, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಸುಲಿದು ಬರುತ್ತೆ.

ಮೊದಲ ಪದರಕ್ಕೆ ಬರ್ಂಟ್ ಅಂಬರ್ (ಕೆಂಪು ಛಾಯೆಯ ಕಡುಕಂದು ಎಣ್ಣೆಬಣ್ಣ) ಒಂದೇ ಸಾಕು, ಟರ್ಪೆಂಟೈನ್‌ನಲ್ಲಿ ತೆಳು ಮಾಡಿಕೊಳ್ಳಿ. ಬೆಳಕಿನ ಜಾಗಗಳನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಂಬರ್ ಬೇಗ ಒಣಗುತ್ತೆ, ಐವರಿ ಬ್ಲ್ಯಾಕ್ ತುಂಬಾ ನಿಧಾನ. ಅದನ್ನು ಅಡಿಯಲ್ಲಿಟ್ಟು ಮೇಲೆ ಬೇಗ ಒಣಗುವ ಬಣ್ಣ ಹಾಕಿದರೆ ಮುಂದೆ ಬಿರುಕು ಬಿಡುತ್ತೆ. ಕಡುಬಣ್ಣಕ್ಕೆ ಬರ್ಂಟ್ ಅಂಬರ್ ಜೊತೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ನೀಲಿ ಹೆಚ್ಚಾದರೆ ತಣ್ಣಗಿನ ಕಪ್ಪು, ಅಂಬರ್ ಹೆಚ್ಚಾದರೆ ಬೆಚ್ಚಗಿನದು, ಮುಖದ ನೆರಳಿಗೆ ಬೆಚ್ಚಗಿನದೇ ಬೇಕು. ನೆರಳಿಗೆ ಬಿಳಿ ಸೇರಿಸಲೇಬೇಡಿ, ಸುಣ್ಣದ ಹಾಗೆ ಬೂದಿಯಾಗುತ್ತೆ. ತಿಳಿ ಮಾಡಬೇಕಾದ ಕಡೆ ಬಣ್ಣವನ್ನು ಒರೆಸಿ ತೆಳ್ಳಗೆ ಮಾಡಿ, ಅಡಿಯ ಕಂದು ಕಾಣಲಿ.

ಬೆಳಕಿನ ಮಟ್ಟಕ್ಕೆ 1ರಿಂದ 9ರ ಅಳತೆ ಇಟ್ಟುಕೊಳ್ಳಿ, 1 ಬಿಳಿ, 9 ಕಪ್ಪು. ಬೆಳಕು ಬಿದ್ದ ಚರ್ಮ 2ರಿಂದ 5ರೊಳಗೆ, ನೆರಳು 6ರಿಂದ 8ರೊಳಗೆ ಇರಲಿ. ನೆರಳಿನಲ್ಲಿ ಅತ್ಯಂತ ತಿಳಿಯಾದ ಜಾಗವೂ ಬೆಳಕಿನ ಅತ್ಯಂತ ಕಡು ಜಾಗಕ್ಕಿಂತ ಕಡುವಾಗಿಯೇ ಇರಬೇಕು. ಈ ಒಂದು ನಿಯಮ ಮುರಿದರೆ ಮುಖದ ಆಕಾರ ಒಡೆಯುತ್ತೆ. ನೆರಳು–ಬೆಳಕಿನ ಗಡಿಯನ್ನು ಎಲ್ಲ ಕಡೆ ಒಂದೇ ಥರ ಚೂಪು ಮಾಡಬೇಡಿ: ಮೂಗಿನ ಹತ್ತಿರ ಗಟ್ಟಿ, ಕೆನ್ನೆಯ ಮೇಲೆ ಮೃದು, ಕೂದಲು ಹಣೆಗೆ ತಾಗುವಲ್ಲಿ ಕಳೆದೇ ಹೋಗಲಿ.

ಬೆಳಕನ್ನು ಕೊನೆಯಲ್ಲಿ, ದಪ್ಪಗೆ ಇಡಿ. ರೆಂಬ್ರಾಂಟ್ ಬಳಸಿದ್ದು ಸೀಸದ ಬಿಳಿ, ಅದು ವಿಷ, ನಮಗೆ ಬೇಡ. ಟೈಟೇನಿಯಂ ವೈಟ್ ತಣ್ಣಗಿದ್ದು ತುಂಬಾ ಜೋರು, ಅದಕ್ಕೆ ಸ್ವಲ್ಪ ಯೆಲ್ಲೋ ಓಕರ್ ಮತ್ತು ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ (ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣವಲ್ಲ) ಬೆರೆಸಿದರೆ ಬ್ರಶ್ಶಿನ ಗೆರೆ ನಿಲ್ಲುವಷ್ಟು ಮೈ ಬರುತ್ತೆ.

ಕಣ್ಣಿನ ಬಗ್ಗೆ ಇನ್ನೊಂದು ಮಾತು. ಕಣ್ಣಿನ ಬಿಳಿ ಬಿಳಿಯಲ್ಲ. ನೆರಳಿನಲ್ಲಿ ಅದು ಕೆನ್ನೆಯ ನೆರಳಿಗಿಂತ ಅರ್ಧ ಹೆಜ್ಜೆ ತಿಳಿ, ಅಷ್ಟೇ. ಮೇಲಿನ ರೆಪ್ಪೆಯ ನೆರಳು ಗುಡ್ಡೆಯ ಮೇಲೆ ಬಿದ್ದಿರುತ್ತೆ, ಅದನ್ನು ಬಿಟ್ಟರೆ ಗೊಂಬೆಯ ಕಣ್ಣಾಗುತ್ತೆ. ಎರಡು ಕಣ್ಣನ್ನೂ ಸಮನಾಗಿ ಸ್ಪಷ್ಟ ಮಾಡಬೇಡಿ. ತುಟಿಯ ಕೊನೆಗಳನ್ನು ಒಣ ಬ್ರಶ್ಶಿನಿಂದ ಒಮ್ಮೆ ಸವರಿ ಮಸುಕು ಮಾಡಿ, ನಗುವೋ ಬೇಸರವೋ ಅನ್ನುವ ಗೊಂದಲ ಹುಟ್ಟುವುದು ಅಲ್ಲೇ. ರೆಂಬ್ರಾಂಟ್‌ನ 1659ರ ಸ್ವಚಿತ್ರ ನೋಡಿದವರೆಲ್ಲ ಅದರಲ್ಲಿ ಅವನ 1656ರ ದಿವಾಳಿಯ ದುಃಖ ಹುಡುಕುತ್ತಾರೆ. ನಕಲು ಮಾಡುವವರಿಗೆ ಆ ಕಥೆಗಿಂತ ಹುಬ್ಬಿನ ನಡುವಿನ ಹಾಫ್‌ಟೋನ್ (ಬೆಳಕು–ನೆರಳಿನ ನಡುವಿನ ಮಧ್ಯಮ ಛಾಯೆ) ಮುಖ್ಯ. ಕತ್ತಲೆಯೇ ಬೇಕು ಅಂತಲೂ ಇಲ್ಲ: ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ಬರೆದ ಪೋಪ್ ಹತ್ತನೇ ಇನೊಸೆಂಟ್ ಚಿತ್ರದಲ್ಲಿ ಕೆಂಪಿನ ಮೇಲೆ ಕೆಂಪು, ಆದರೂ ಆ ನೋಟಕ್ಕೆ ಎದುರು ನಿಲ್ಲೋದು ಕಷ್ಟ.

ಒಣಗಿದ ಮೇಲೆ ಕಡುಭಾಗ ಹೊಳಪು ಕಳೆದುಕೊಂಡು ಬೂದು ಬೂದು ಕಂಡರೆ ಗಾಬರಿಯಾಗಿ ಮತ್ತೆ ಕಪ್ಪು ಹಚ್ಚಬೇಡಿ. ಎಣ್ಣೆ ಕೆಳಗಿನ ಪದರಕ್ಕೆ ಇಳಿದಿದೆ ಅಷ್ಟೇ. ಲಿನ್ಸೀಡ್ ಎಣ್ಣೆ, ಟರ್ಪೆಂಟೈನ್ ಸಮಸಮ ಬೆರೆಸಿ, ಮುಟ್ಟಿದರೆ ಅಂಟದಷ್ಟು ಒಣಗಿದ ಚಿತ್ರಕ್ಕೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ. ನಿಜವಾದ ಬಣ್ಣ ವಾಪಸ್ ಬರುತ್ತೆ, ಅದನ್ನು ನೋಡಿಯೇ ಮುಂದಿನ ಪದರ ಶುರು ಮಾಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪದರಗಳ ನಡುವೆ ಹೆಚ್ಚು ದಿನ ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಮುಂದೆ ಮನೆಯವರನ್ನೇ ಕೂರಿಸಿ ಬರೆಯುವುದಾದರೆ ಒಂದೇ ದೀಪ, ತಲೆಗಿಂತ ಮೇಲೆ, ಪಕ್ಕಕ್ಕೆ 45 ಡಿಗ್ರಿ, ಮುಂದೆ ಬಟರ್ ಪೇಪರ್. ದೂರದ ಕೆನ್ನೆಯ ಮೇಲೆ ಕಣ್ಣಿಗಿಂತ ಅಗಲವಲ್ಲದ, ಮೂಗಿಗಿಂತ ಉದ್ದವಲ್ಲದ ಬೆಳಕಿನ ತ್ರಿಕೋನ ಬರುವವರೆಗೆ ದೀಪ ಸರಿಸಿ. ನೆರಳಿನ ಕಡೆ ಬಿಳಿ ಗೋಡೆಯಿದ್ದರೆ ಕಪ್ಪು ಬೆಡ್‌ಶೀಟ್ ತೂಗುಹಾಕಿ, ಇಲ್ಲದಿದ್ದರೆ ಗೋಡೆಯ ಬೆಳಕು ವಾಪಸ್ ಬಂದು ನೆರಳನ್ನೆಲ್ಲ ತುಂಬಿಬಿಡುತ್ತೆ.