ಹಬ್ಬ ಇಂದೋ, ನಾಳೆಯೋ?

ಪ್ರಶ್ನೆ: ದೀಪಾವಳಿಯ ಲಕ್ಷ್ಮೀಪೂಜೆಗೆ ಮೊಬೈಲ್ ಒಂದು ದಿನ ತೋರಿಸುತ್ತದೆ, ಗೋಡೆಯ ಕ್ಯಾಲೆಂಡರ್ ಇನ್ನೊಂದು ದಿನ. ತಪ್ಪು ದಿನ ಪೂಜೆ ಮಾಡಿದರೆ ದೋಷ ತಟ್ಟುತ್ತದೆಯೇ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ತಟ್ಟುವುದಿಲ್ಲ. ಆಶ್ವಯುಜ ಬಂತೆಂದರೆ ಇದೇ ಪ್ರಶ್ನೆ, ಅದೇ ಗಾಬರಿ. ತಿಥಿಯನ್ನು ತಾರೀಖು ಎಂದು ತಿಳಿಯುವುದನ್ನು ಮೊದಲು ಬಿಡಿ, ತಾಯಿ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಹೊತ್ತು ಒಂದು ತಿಥಿ. ಚಂದ್ರನ ನಡೆ ಒಂದೇ ಸಮನಲ್ಲ, ಹಾಗಾಗಿ ತಿಥಿ ಹಿಗ್ಗುತ್ತದೆ, ಕುಗ್ಗುತ್ತದೆ. 2025ರಲ್ಲಿ ಒಂದು ತಿಥಿ ಎರಡು ಸೂರ್ಯೋದಯ ಕಂಡಿದ್ದಕ್ಕೇ ನಮ್ಮ ದಸರೆ 11 ದಿನ ನಡೆಯಿತು.

ಇನ್ನು, ಪ್ರತಿ ಹಬ್ಬಕ್ಕೂ ಅದರದೇ ಹೊತ್ತಿದೆ. ಗಣೇಶನಿಗೆ ಮಧ್ಯಾಹ್ನ, ಶಿವರಾತ್ರಿಗೆ ನಡುರಾತ್ರಿ, ಲಕ್ಷ್ಮೀಪೂಜೆಗೆ ಪ್ರದೋಷ, ಅಂದರೆ ಸೂರ್ಯ ಮುಳುಗಿದ ಮೇಲಿನ ಹೊತ್ತು. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಡಿದು ನವೆಂಬರ್ 1ರ ಸಂಜೆ ಆರೂಕಾಲಕ್ಕೆ ಬಿಟ್ಟಿತು. ಎರಡು ಸಂಜೆಗೂ ತಾಗಿತು. ಹೀಗಾದಾಗ ಎರಡನೆಯ ದಿನ ಹಿಡಿಯಬೇಕು, ಆದರೆ ಸೂರ್ಯಾಸ್ತದ ಮೇಲೆ ಅಮಾವಾಸ್ಯೆ ಒಂದು ಘಳಿಗೆ, ಅಂದರೆ 24 ನಿಮಿಷವಾದರೂ ಇರಬೇಕು ಎಂಬ ವಚನವಿದೆ. ಅಂದು ದೆಹಲಿಯಲ್ಲಿ ಸೂರ್ಯ ಮುಳುಗಿದ್ದು ಸುಮಾರು 5.36ಕ್ಕೆ, ಅಲ್ಲಿ ಘಳಿಗೆ ಧಾರಾಳವಾಗಿ ಸಿಕ್ಕಿತು. ಮೈಸೂರಿನಲ್ಲಿ 5.57ರ ಹೊತ್ತಿಗೆ ಮುಳುಗಿದ. ಉಳಿದದ್ದು ಇಪ್ಪತ್ತು ನಿಮಿಷಕ್ಕೂ ಕಡಿಮೆ. ಪಂಚಾಂಗಕರ್ತರಲ್ಲಿ ಭಿನ್ನಾಭಿಪ್ರಾಯ ಬಂದದ್ದು ಇಂಥ ಕೂದಲೆಳೆಯ ಅಂತರಕ್ಕೆ. ನಿಮ್ಮ ಮೊಬೈಲ್‌ನಲ್ಲಿ ಊರು ದೆಹಲಿ ಎಂದಿದ್ದರೆ ಅದು ದೆಹಲಿಯ ಹಬ್ಬವನ್ನೇ ಹೇಳುತ್ತದೆ.

ಅತ್ತೆ-ಮಾವಂದಿರ ಕಾಲದಿಂದ ಮನೆಯಲ್ಲಿ ಯಾವ ಪಂಚಾಂಗ ನಡೆದಿದೆಯೋ ಅದನ್ನೇ ಹಿಡಿಯಿರಿ. ಹಬ್ಬಕ್ಕೊಂದು ಪಂಚಾಂಗ ಬದಲಿಸಬೇಡಿ. ಸಂಶಯವಿದೆ ಎಂದು ಎರಡು ದಿನವೂ ಪೂಜೆ ಮಾಡಿಸಿ ಎರಡು ದಕ್ಷಿಣೆ ಎತ್ತುವವರು ನನ್ನ ವೃತ್ತಿಯವರೇ ಆದರೂ ಹೇಳುತ್ತೇನೆ, ಅದು ಮಹಾ ತಪ್ಪು.

ಪ್ರಶ್ನೆ: ಚೌತಿಯ ಚಂದ್ರನನ್ನು ನೋಡಿಬಿಟ್ಟೆ. ದೋಷಪರಿಹಾರದ ಹೋಮಕ್ಕೆ ಒಬ್ಬರು ಹನ್ನೊಂದು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಸ್ಯಮಂತಕ ಮಣಿಯ ಕಥೆ ಕೇಳಿ, ಅಕ್ಷತೆ ತಲೆಗೆ ಹಾಕಿಕೊಳ್ಳಿ. ಆ ವ್ಯಕ್ತಿಯನ್ನು ಹೊಸಿಲು ದಾಟಲು ಬಿಡಬೇಡಿ.

ಪ್ರಶ್ನೆ: ದಸರೆಗೆ ಕೂರಿಸುವ ಪಟ್ಟದ ಗೊಂಬೆಗಳ ಬಣ್ಣ ಹೋಗಿದೆ. ಹೊಸ ಜೋಡಿ ತರಲೇಬೇಕೇ?

ಉತ್ತರ: ಬೇಡ. ತವರಿನಿಂದ ಬಂದ ಗೊಂಬೆಗೆ ಹೊಸ ರೇಷ್ಮೆ ಚೂರು ಉಡಿಸಿ ಕೂರಿಸಿ.

ಪ್ರಶ್ನೆ: ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸಲು ಮುಹೂರ್ತ ಬೇಕೇ? – ರೈತ, ಮದ್ದೂರು

ಉತ್ತರ: ಬೇಡ, ಊರು ಸೇರುವ ಸಂಜೆಯೇ ಸಾಕು. ಹುಲ್ಲನ್ನು ತೆಳುವಾಗಿ ಹರಡಿ. ಗಬ್ಬದ ಹಸುವನ್ನೂ ಎಳೆಗರುವನ್ನೂ ಕೊಟ್ಟಿಗೆಯಲ್ಲೇ ಬಿಡಿ.