‘ಲ್ಯಾಟಿನ್‌ಎಕ್ಸ್’ ಅನ್ನಬೇಕಾ, ಬೇಡವಾ?

ಅಮೆರಿಕಕ್ಕೆ ಹೊಸಬರು, ಆಫೀಸಿನ ಮೇಲ್‌ಗಳಲ್ಲಿ ಲ್ಯಾಟಿನ್ ಅಮೆರಿಕ ಮೂಲದವರನ್ನು ‘ಲ್ಯಾಟಿನ್‌ಎಕ್ಸ್’ (Latinx) ಅಂತ ಬರೀತಾರೆ, ನಾನೂ ಹಾಗೇ ಅನ್ನಬೇಕಾ ಅಂತ ಕೇಳಿದ್ದೀರಿ. ಎದುರಿಗಿರೋರು ತಮ್ಮನ್ನು ಹಾಗೆ ಕರೆದುಕೊಂಡರೆ ಅನ್ನಿ. ನೀವಾಗೇ ಹೋಗಿ ಅಂಟಿಸಬೇಡಿ.

ಈ ಜಗಳ ನಮಗೆ ಚಟ್ಟನೆ ಅರ್ಥವಾಗಲ್ಲ. ಕನ್ನಡಿಗ, ಕನ್ನಡತಿ ಬೇರೆಬೇರೆ ಆದರೂ ‘ಕನ್ನಡಿಗರು’ ಅಂದರೆ ಎಲ್ಲರೂ ಬಂದುಬಿಟ್ಟರು. ಒಬ್ಬರೇ ಇದ್ದರೂ ‘ಅವರು’ ಅಂದು ಪಾರಾಗಬಹುದು. ಸ್ಪ್ಯಾನಿಷ್‌ನಲ್ಲಿ ಆ ಅನುಕೂಲ ಇಲ್ಲ. ಗಂಡಸು ಲ್ಯಾಟಿನೊ, ಹೆಂಗಸು ಲ್ಯಾಟಿನಾ. 99 ಹೆಂಗಸರ ಮಧ್ಯೆ ಒಬ್ಬ ಗಂಡಸು ಬಂದು ಕೂತರೆ ವ್ಯಾಕರಣದ ಪ್ರಕಾರ ಅಷ್ಟೂ ಜನ ‘ಲ್ಯಾಟಿನೋಸ್’! ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೋರಿಗೆ ಜಾಗವೇ ಇಲ್ಲ. ಹಾಗಾಗಿ ಕೊನೆಯ ಸ್ವರ ಕಿತ್ತು ಎಕ್ಸ್ ಇಟ್ಟರು. ಕಾರಣ ನ್ಯಾಯವಾದದ್ದೇ, ತೊಡಕಿರೋದು ನಾಲಿಗೆಯಲ್ಲಿ.

ಹೂಸ್ಟನ್‌ನ ನಮ್ಮ ಆಫೀಸಿನಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಹಿರಿಯ ಹೆಂಗಸೊಬ್ಬರಿದ್ದಾರೆ. ಅಂಥದೊಂದು ಮೇಲ್ ಬಂದ ದಿನ ಊಟದ ಹೊತ್ತಲ್ಲಿ ಕಾಗದದ ನ್ಯಾಪ್ಕಿನ್ ಮೇಲೆ ‘ಅಮೀಗೊಸ್’ (ಗೆಳೆಯರು) ಅಂತ ಬರೆದು, ಒ ಹೊಡೆದುಹಾಕಿ ಎಕ್ಸ್ ಬರೆದು, ಈಗ ಓದು ಅಂದರು. ‘ಅಮೀಗ್‌ಕ್ಸ್‌ಸ್’ ಅಂತ ತಡವರಿಸಿದೆ. ನಗು ತಡೆಯಲಾಗದೆ ಕಾಫಿ ಲೋಟ ಕೆಳಗಿಟ್ಟರು. ಅವರ ಮಗಳು ಕಾಲೇಜಿನಲ್ಲಿ ಎಕ್ಸ್ ಬದಲು ‘ಎ’ ಸ್ವರ ಇಟ್ಟು ‘ಲತೀನೆ’ ಅಂತಾಳಂತೆ. ಅದಕ್ಕೆ ಅವರ ತಕರಾರಿಲ್ಲ, ಬಾಯಲ್ಲಿ ಹೊರಳುತ್ತಲ್ಲ!

ಅವರೊಬ್ಬರದೇ ಮಾತಲ್ಲ ಇದು. ಸಮೀಕ್ಷೆಗಳನ್ನು ಮಾಡುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಅಲ್ಲಿನ ಲ್ಯಾಟಿನೊ ಜನರನ್ನೇ ಕೇಳಿದಾಗ ತಮ್ಮ ಬಗ್ಗೆ ಆ ಪದ ಬಳಸುತ್ತಿದ್ದವರು 3%. 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪದ ಕೇಳಿದ್ದವರು 47%ಕ್ಕೆ ಏರಿದ್ದರೂ ಬಳಸುವವರು 4%. ಕೇಳಿದ್ದವರಲ್ಲೇ ಮುಕ್ಕಾಲು ಪಾಲು ಜನ ಸಮುದಾಯಕ್ಕೆ ಆ ಹೆಸರು ಬೇಡ ಅಂದರು.

ಹಾಗಂತ ಆ 4% ಜನರನ್ನು ಆಡಿಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ಆರ್ಕನ್ಸಾ ರಾಜ್ಯದ ಗವರ್ನರ್ ಸಾರಾ ಹಕಬೀ ಸ್ಯಾಂಡರ್ಸ್ ಸರ್ಕಾರಿ ಕಾಗದಪತ್ರಗಳಲ್ಲಿ ಆ ಪದವನ್ನೇ ನಿಷೇಧಿಸಿದರು. ನನಗೆ ಬೇಡ ಅನ್ನೋದು ಬೇರೆ, ಯಾರೂ ಬರೆಯಕೂಡದು ಅನ್ನೋದು ಬೇರೆ.

ಇನ್ನೊಂದು: ‘ಹಿಸ್ಪ್ಯಾನಿಕ್’ ಅಂದು ಬಚಾವಾಗೋಣ ಅಂದುಕೊಂಡರೆ ಅಲ್ಲೂ ಎಡವುತ್ತೀರಿ. ಅದು ಸ್ಪ್ಯಾನಿಷ್ ಭಾಷೆಯ ನಂಟಿನ ಹೆಸರು, ಬ್ರೆಜಿಲ್‌ನವರದು ಪೋರ್ಚುಗೀಸ್. ನಾನು ಗುಂಪಿನ ಬಗ್ಗೆ ಬರೆಯುವಾಗ ‘ಲ್ಯಾಟಿನೊ’ ಅಂತೀನಿ. ಪಕ್ಕದ ಮೇಜಿನ ಆ ಹಿರಿಯರನ್ನು ಮಾತ್ರ ಸಾಲ್ವಡಾರ್‌ನವರು ಅಂತೀನಿ. ಅವರೂ ನನ್ನನ್ನು ಸೌತ್ ಏಷ್ಯನ್ ಅನ್ನಲ್ಲ, ಬೆಂಗಳೂರಿನವನು ಅಂತಾರೆ. ನಮ್ಮೂರು ಶಿವಮೊಗ್ಗ, ಇರಲಿ ಬಿಡಿ.